ನನ್ನ ಸೊಸೆ ಗುಡಿಸುವ ಕಾಡುಹಾದಿ

ಸೊಸೆಯನ್ನು ಹೊಗಳುವ ಅತ್ತೆಯ ಮಾತನ್ನು ಯಾರೂ ನಂಬುವುದಿಲ್ಲ, ಗೊತ್ತು. ಹಾಗಾಗಿ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಒಂಬತ್ತು ವರ್ಷ ನಾನು ಅಕ್ಕಪಕ್ಕದವರಿಗೆ, ನಮ್ಮ ಸೊಸೆ ಅರಣ್ಯ ಇಲಾಖೆಯಲ್ಲಿದ್ದಾಳೆ ಎಂದಷ್ಟೇ ಹೇಳಿ ಮಾತು ತೇಲಿಸುತ್ತಿದ್ದೆ. ಪೊರಕೆಯ ವಿಷಯ ಬಂದರೆ ಬಾಯಿಗೆ ಬೀಗ.

ಊರಂಚಿನ ಕಾಡಿನೊಳಗೆ ಎರಡು ಕಿಲೋಮೀಟರ್ ಉದ್ದದ ಕಾಲುಹಾದಿಯಿದೆ. ಏರಿಲ್ಲ, ಇಳಿಜಾರಿಲ್ಲ, ಮಕ್ಕಳು ಮುದುಕರು ಎಲ್ಲರೂ ನಡೆಯಬಹುದು. ಎರಡೂ ಕಡೆಯ ಮರಗಳು ಮೇಲೆ ಕೂಡಿಕೊಂಡು ಮಧ್ಯಾಹ್ನದಲ್ಲೂ ನೆರಳು. ತರಗೆಲೆಯ ಮೇಲೆ ಯಾರೂ ಜಾರಿ ಬೀಳಬಾರದೆಂದು ಅದನ್ನು ಗುಡಿಸುವುದು ಇವಳ ಕೆಲಸ. ಸಂಜೆ ಗುಡಿಸಿ, ಮಣ್ಣನ್ನು ನಯ ಮಾಡಿ ಬರುತ್ತಾಳೆ. ಬೆಳಗ್ಗೆ ಹೋದರೆ ರಾತ್ರಿ ದಾಟಿದ ಪ್ರಾಣಿಗಳ ಹೆಜ್ಜೆಯೆಲ್ಲ ಅದರ ಮೇಲಿರುತ್ತದೆ. ಅದನ್ನು ನೋಡಿಕೊಂಡು, ಜನರನ್ನು ಕರೆದೊಯ್ಯುವ ಗೈಡಿಗೆ ಹೇಳಿ, ಆಮೇಲೇ ರಾತ್ರಿ ಉದುರಿದ ಎಲೆಗೆ ಪೊರಕೆ ಎತ್ತುತ್ತಾಳೆ. ಅಡುಗೆಮನೆಯಲ್ಲೂ ಅದೇ ಮಾತು. ಕುಂಟುವ ಜಿಂಕೆಗೆ ಮರಿಯಾಗಿದೆ ಅತ್ತೆ, ನರಿ ಇವತ್ತು ಹಳ್ಳದ ಕಡೆ ಹೋಗಿಲ್ಲ ಅತ್ತೆ. ಊಟದ ಹೊತ್ತಲ್ಲಿ ನರಿ ಪುರಾಣ ಬೇಡ ಎಂದು ನಾನು ಮೂಗು ಮುರಿಯುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಹೀಗಿರುವಾಗ ಕಚೇರಿಯವರು ಎಲೆ ಊದುವ ಮಿಷನ್ ತಂದರು, ಬೆನ್ನಿಗೆ ಕಟ್ಟಿಕೊಳ್ಳುವಂಥದ್ದು. ಎರಡು ವಾರ ನೋಡುವುದು, ಸರಿಹೋದರೆ ಹಾದಿ ಮಿಷನ್ನಿಗೆ. ಆ ಎರಡು ವಾರ ಇವಳು ಕಾರು ನಿಲ್ಲಿಸುವ ಬಯಲು ಗುಡಿಸಬೇಕು, ಆಮೇಲೆ ಕಾಯಂ ಆಗಿ ಅಲ್ಲಿಗೇ. ಸಂಬಳ ಅಷ್ಟೇ ಇರುತ್ತದಲ್ಲ, ಬಿಡು ಎಂದೆ. ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಳು. ಆವತ್ತಿನಿಂದ ಮನೆಯಲ್ಲಿ ನರಿಯ ಸುದ್ದಿ ನಿಂತಿತು. ಬೇಡವೆಂದು ಗೊಣಗಿದವಳು ನಾನೇ. ಈಗ ಅದಿಲ್ಲದೆ ನನಗೇ ಊಟ ಸೇರಲಿಲ್ಲ.

ಆ ಎರಡು ವಾರದ ಕೊನೆಯ ಭಾನುವಾರ ಇಲಾಖೆಯ ದೊಡ್ಡ ಸಾಹೇಬರು ಖುದ್ದಾಗಿ ಹಾದಿ ನಡೆದು ತೀರ್ಮಾನ ಹೇಳುವವರಿದ್ದರು. ಮಂಡಿಗೆ ನಡಿಗೆ ಒಳ್ಳೆಯದೆಂದು ನೆಪ ಮಾಡಿ ನಾನೂ ಟಿಕೆಟ್ ತೆಗೆದುಕೊಂಡು ಗುಂಪಿಗೆ ಸೇರಿದೆ. ಹದಿನೈದು ಜನ, ಮುಂದೆ ಸಾಹೇಬರು ಮತ್ತು ಗೈಡು. ಎಲ್ಲರಿಗಿಂತ ಹಿಂದೆ, ಜನ ಎಸೆದ ಕಾಗದ ಹೆಕ್ಕಲು ಆವತ್ತೊಂದು ದಿನ ಕರೆಸಿದ್ದ, ಪೊರಕೆ ಚೀಲ ಹಿಡಿದ ನನ್ನ ಸೊಸೆ. ನಾನು ಅವಳ ಗುರುತಿಲ್ಲದವಳ ಹಾಗೆ ನಡೆದೆ. ಅವಳೂ ನನ್ನನ್ನು ಮಾತಾಡಿಸಲಿಲ್ಲ.

ಹಾದಿ ಚೊಕ್ಕಟವಾಗಿತ್ತು, ಸುಳ್ಳು ಹೇಳಬಾರದು. ಆದರೆ ಗೈಡು ಆ ಪೊದೆ ಈ ಪೊದೆ ತೋರಿಸಿದ್ದೇ ಬಂತು, ಒಂದು ಮೊಲವೂ ಕಾಣಲಿಲ್ಲ. ಅರ್ಧ ದಾರಿ ಮುಗಿಯಿತು. ಹದ್ದಿನ ಕಣ್ಣಿನವನೆಂದು ಹೆಸರಾದ ಮನುಷ್ಯ ಅವನು; ಇವತ್ತೇನಾಯಿತೆಂದು ಸಾಹೇಬರು ಎಲ್ಲರೆದುರೇ ಕೇಳಿದರು. ಅವನು ತಲೆ ಕೆರೆದುಕೊಂಡ. ಏನಾದರೊಂದು ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು, ಜಾರಿಕೊಳ್ಳಲಿಲ್ಲ.

"ಆ ಕಣ್ಣು ನನ್ನದಲ್ಲ ಸಾರ್, ಅವರದು," ಎಂದು ಹಿಂದಕ್ಕೆ ಕೈ ತೋರಿಸಿದ. "ಎರಡು ವಾರದಿಂದ ಅವರು ಈ ಹಾದೀಲಿ ಇಲ್ಲ. ನನಗೇನೂ ಕಾಣ್ತಿಲ್ಲ."

ಎಲ್ಲರೂ ತಿರುಗಿದರು. ನನ್ನ ಸೊಸೆ ಅಷ್ಟರಲ್ಲಿ ಒಂದು ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮಿಷನ್ ಎಲೆಯನ್ನೆಲ್ಲ ಹಾರಿಸಿತ್ತು. ಬೇರಿಗೆ ಅಂಟಿದ ಬಿಳಿ ಹಿಕ್ಕೆಯನ್ನು ಹಾರಿಸಲು ಅದರಿಂದ ಆಗಿರಲಿಲ್ಲ. ಪಕ್ಕದಲ್ಲಿ ಕೂದಲು, ಸಣ್ಣ ಮೂಳೆ ಸೇರಿದ ಹೆಬ್ಬೆರಳ ಗಾತ್ರದ ಉಂಡೆ. ಗೂಬೆ ಇಲಿಯನ್ನು ನುಂಗಿ, ಅರಗದ್ದನ್ನು ಹೀಗೆ ಕಕ್ಕುತ್ತದಂತೆ. ಇನ್ನೂ ಹಸಿಯಾಗಿದೆ, ಮೇಲೆ ನೋಡಿ, ಮಾತಾಡಬೇಡಿ ಎಂದಳು. ಹದಿನೈದು ತಲೆಗಳು ಮೇಲೆದ್ದವು. ಕೊಂಬೆಯ ಕವಲಲ್ಲಿ ತಾಯಿ ಗೂಬೆ, ಮಗ್ಗುಲಲ್ಲಿ ಎರಡು ಮರಿ, ಮೂರೂ ನಮ್ಮನ್ನೇ ದಿಟ್ಟಿಸುತ್ತಿದ್ದವು. ಸಾಹೇಬರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದೂ ಇದನ್ನು ನೋಡಲು ನಾನು ಟಿಕೆಟ್ ಕೊಳ್ಳಬೇಕಾಯಿತು.

ಜಿಂಕೆಯನ್ನೂ ತೋರಿಸುತ್ತೀಯಾ ಎಂದು ಸಾಹೇಬರು ಪಿಸುಗುಟ್ಟಿದರು.

"ಅದಕ್ಕೆ ರಾತ್ರಿಯ ಹೆಜ್ಜೆ ಬೇಕು ಸಾರ್," ಎಂದಳು. "ಜನ ಬರೋಕೆ ಮುಂಚೇನೇ ಮಿಷನ್ನು ಎಲ್ಲಾ ಊದಿಬಿಟ್ಟಿದೆ."

ಸಾಹೇಬರು ಬಗ್ಗಿ, ಹೆಜ್ಜೆಯೊಂದೂ ಉಳಿಯದ ನೆಲವನ್ನು ನೋಡಿದರು. ಆಮೇಲೆ, ನಾಳೆಯಿಂದ ಮಿಷನ್ನು ಕಾರಿನ ಬಯಲಿಗೆ ಹೋಗಲಿ, ಹಾದಿ ಈಕೆಗೇ ಇರಲಿ ಎಂದರು. ಗೈಡಿನ ಸಮವಸ್ತ್ರ ಕೊಡಿಸುವ ಮಾತೂ ಬಂತು. ಪೊರಕೆ ಕೆಳಗಿಟ್ಟರೆ ನನಗೂ ಏನೂ ಕಾಣಿಸುವುದಿಲ್ಲ ಎಂದು ಇವಳು ಬೇಡವೆಂದುಬಿಟ್ಟಳು. ಸರಿ, ಇವತ್ತಿಗಾದರೂ ಮುಂದೆ ಬಂದು ನಮ್ಮನ್ನು ಕರೆದುಕೊಂಡು ಹೋಗಮ್ಮ ಎಂದರು.

ಅವಳು ಪೊರಕೆಯನ್ನು ಮರಕ್ಕೆ ಒರಗಿಸಲು ಹೊರಟಳು. ನಾನು ಕೈ ಚಾಚಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಪೊರಕೆ ಕೊಟ್ಟು ಮುಂದೆ ಹೋದಳು. ಅದನ್ನು ಹೆಗಲಿಗೇರಿಸಿಕೊಂಡು ಉಳಿದ ಒಂದು ಕಿಲೋಮೀಟರ್ ಎಲ್ಲರ ಕಣ್ಣೆದುರೇ ನಡೆದೆ. ಪಕ್ಕದಲ್ಲಿ ಬರುತ್ತಿದ್ದ ಹೆಂಗಸು, ನೀವೂ ಇಲ್ಲೇ ಕೆಲಸ ಮಾಡೋದಾ ಎಂದು ಕೇಳಿದಳು.

"ಇಲ್ಲಮ್ಮ," ಎಂದೆ. "ನಾನು ಅವಳ ಅತ್ತೆ."