ಮೇಜು ನೆಟ್ಟಗಿತ್ತು

ರೋಗವಿಜ್ಞಾನ ಕ್ಷೇತ್ರದಲ್ಲಿ ಪ್ರಬಂಧ ಬರೆದು ಹೆಸರಾದವರು ಹಲವರು. ಮೇಜೊಂದರ ಕ್ಷಮೆ ಕೇಳಿ ಹೆಸರಾದವರು, ಈಗ ನಿವೃತ್ತರಾಗುತ್ತಿರುವ ನಮ್ಮ ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ‘ಡಾಕ್ಟರಮ್ಮ’ ಆಗಿರುವ ಮಾನ್ಯರು ಒಬ್ಬರೇ.

ಸೇವೆಗೆ ಸೇರಿದ ದಿನವೇ ಅವರು ಬಾಗಿಲು ಧಡಾರನೆ ಹಾಕುವುದನ್ನು ನಿಷೇಧಿಸಿದರು. ಸಪೂರ ಗಾಜಿನ ಕೊಳವೆಯಲ್ಲಿ ರಕ್ತ ನಿಲ್ಲಿಸಿ, ಕೆಂಪುಕಣಗಳು ಗಂಟೆಯೊಂದರಲ್ಲಿ ಎಷ್ಟು ಕೆಳಗಿಳಿಯುತ್ತವೆಂದು ನೋಡುವ ಇಎಸ್‌ಆರ್ ಪರೀಕ್ಷೆಯ ಮೇಲೆ ಅವರಿಗೆ ಎಲ್ಲಿಲ್ಲದ ಮಮತೆ. ಬೇಗ ಇಳಿದರೆ ಮೈಯಲ್ಲೆಲ್ಲೋ ರೋಗವಿದೆಯೆಂಬ ಸುಳಿವು; ಆದರೆ ಕೊಳವೆ ಕೊಂಚ ಅಲುಗಿದರೂ ವಾಲಿದರೂ ಕಣಗಳು ಸುಮ್ಮಸುಮ್ಮನೆ ಬೇಗ ಇಳಿದು ಲೆಕ್ಕ ತಪ್ಪುತ್ತದೆ. ಆ ಮೇಜಿನ ಬಳಿ ಸೀನುವವರೂ ಅಪ್ಪಣೆ ಪಡೆಯಬೇಕಿತ್ತು.

ಒಮ್ಮೆ ಆಸ್ಪತ್ರೆಯ ಬಡಗಿಗೆ ಬಿಡದ ಜ್ವರ, ಕೀಲುನೋವು, ದಿನೇದಿನೇ ಇಳಿದುಹೋಗುತ್ತಿದ್ದ. ಅವನಿಗಿಂತ ವೇಗವಾಗಿ ಅವನ ರಕ್ತ ಕೊಳವೆಯಲ್ಲಿ ಇಳಿಯಿತು. ಮತ್ತೆ ಪರೀಕ್ಷಿಸಿದರೂ ಅದೇ ರಾಗ, ಅದೇ ಹಾಡು. ಡಾಕ್ಟರಮ್ಮ ಮೇಜನ್ನೇ ಅನುಮಾನಿಸಿ, ಅದನ್ನು ಮಾಡಿದ್ದ ಆ ಬಡಗಿಯನ್ನೇ ಕರೆಸಿದರು.

“ನಿನ್ನ ಮೇಜು ಡೊಂಕು ಕಣಪ್ಪ.”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ,” ಎಂದು ಗೊಣಗುತ್ತ ಅವನು ಮಟ್ಟ ನೋಡುವ ರಸಮಟ್ಟವನ್ನು ಮೇಜಿನ ಮೇಲಿಟ್ಟ. ಅದರೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು; ಮೇಜು ನೆಟ್ಟಗಿತ್ತು. ಗೆದ್ದ ಹುಮ್ಮಸ್ಸಿನಲ್ಲಿ ಮೇಜಿನ ಕಾಲುಗಳನ್ನೂ ತೋರಿಸಲು ಅಡಿಗೆ ತೂರಿ ಎದ್ದವನು ಕಣ್ಣು ಕತ್ತಲಿಟ್ಟು ಕುಸಿದ. ಎತ್ತಿ ಕೂರಿಸಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಮಲಗಿಸಿದರೆ ಸರಾಗವಾಗುತ್ತಿತ್ತು. ಹೃದ್ರೋಗಿಗಳಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು.

ಡಾಕ್ಟರಮ್ಮ ಮೇಜು ಬಿಟ್ಟು ಅವನ ನಾಡಿ ಹಿಡಿದರು. “ರಕ್ತ ಚಾಡಿ ಹೇಳತ್ತೆ, ಕಳ್ಳನ ಹೆಸರು ಹೇಳಲ್ಲ. ಈಗ್ಲೇ ಹೃದಯದ ಸ್ಕ್ಯಾನ್ ಮಾಡಿಸಿ!” ಎಂದರು. ಹೃದಯದ ಎಡ ಮೇಲ್ಕೋಣೆಯಲ್ಲಿ ಗಡ್ಡೆಯೊಂದು ಕವಾಟಕ್ಕೆ ಅಡ್ಡವಾಗಿ ತೂಗಾಡುತ್ತಿತ್ತು.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಆ ಗಡ್ಡೆಯನ್ನು ಅವರೇ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬಾಗಿಲಲ್ಲಿ ಬಡಗಿಯ ಹೆಂಡತಿ ಸೆರಗು ಹಿಂಡುತ್ತ ನಿಂತಿದ್ದಳು. “ಕ್ಯಾನ್ಸರ್ ಅಲ್ಲ ಕಣಮ್ಮ. ಗಡ್ಡೆ ಸಾಧು, ಸೇರ್ಕೊಂಡಿದ್ದ ಜಾಗ ಮಾತ್ರ ಕೆಟ್ಟದ್ದು,” ಎನ್ನುವಷ್ಟರಲ್ಲಿ ಇಬ್ಬರೂ ಅಳುತ್ತಿದ್ದರು.

ಕೆಲವು ತಿಂಗಳ ಬಳಿಕ ಅದೇ ಮೇಜು, ಅದೇ ಪರೀಕ್ಷೆ. ಬಡಗಿಯೂ ಡಾಕ್ಟರಮ್ಮನೂ ಕೊಳವೆಯನ್ನೇ ದಿಟ್ಟಿಸಿ ಕುಳಿತರು. ಕಣಗಳು ಇಳಿದೂ ಇಳಿಯದಂತೆ ನಿಂತವು. ಡಾಕ್ಟರಮ್ಮ ಮೇಜು ಸವರಿ, “ತಪ್ಪಾಯ್ತಪ್ಪ, ನೀನು ನೆಟ್ಟಗಿದ್ದೀಯ,” ಎಂದರು.

“ನನಗಾ ಅಮ್ಮ?”

“ಮೇಜಿಗೆ. ನೀನಿನ್ನೂ ಸ್ವಲ್ಪ ಮೈ ಹಿಡೀಬೇಕು.”

ಬೀಳ್ಕೊಡುಗೆಗೆಂದು ಬಡಗಿ ಅವರಿಗೊಂದು ಕುರ್ಚಿ ಮಾಡಿಕೊಟ್ಟಿದ್ದಾನೆ. ಅದು ವಾಲುತ್ತದೆಂದು ಈಗಾಗಲೇ ದೂರು ಹೋಗಿದೆ. ಅವನು ರಸಮಟ್ಟ ಹಿಡಿದು ಅವರ ಮನೆಯ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಿ ಬಂದಿದ್ದಾನೆ. ಡಾಕ್ಟರಮ್ಮ ನೂರ್ಕಾಲ ಬಾಳಲಿ, ಹೀಗೆಯೇ ದೂರುತ್ತಿರಲಿ. ಅವನು ಹತ್ತಿ ಬರುತ್ತಿರಲಿ.