ಜರ್ಮನ್ ಡಬ್ಬಿಯ ಮನೆ

ಗೋಕಾಕದಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ‘ಜರ್ಮನ್ ಡಬ್ಬಿಯವರ ಹೆಂಡತಿ’ ಎಂದರೆ ಸಾಕು, ಪೇಟೆಯ ತುದಿಯಲ್ಲಿದ್ದ ನಮ್ಮ ಮನೆಯನ್ನು ಯಾರಾದರೂ ಕೈಮಾಡಿ ತೋರಿಸುತ್ತಿದ್ದರು. ಡಬ್ಬಿ ಎಂದರೆ ಕ್ಯಾಮೆರಾ. ನನ್ನ ಗಂಡ ಫೋಟೋ ತೆಗೆಯುವವರು. ನಾನು ಮದುವೆಯಾಗಿ ಆ ಮನೆಗೆ ಕಾಲಿಡುವ ಮೊದಲೇ ಅದು ಬಂದು ಒಳಕೋಣೆಯಲ್ಲಿ ಕೂತಿತ್ತು. ಹುಡುಗನಿಗೆ ಚಟ ಏನಾದರೂ ಇದೆಯೇ, ಬೇರೆ ಸಂಬಂಧ ಇದೆಯೇ ಎಂದು ನಮ್ಮವ್ವ ನಾಲ್ಕೂ ಕಡೆ ವಿಚಾರಿಸಿದ್ದಳಂತೆ. ಈ ಸವತಿಯ ವಿಷಯ ಮಾತ್ರ ಅವಳ ಕಿವಿಗೆ ಬೀಳಲಿಲ್ಲ.

ನಮ್ಮವರು ಬೆಳಿಗ್ಗೆ ಎದ್ದು ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಚಹಾ ಕುಡಿಯುವ ಮೊದಲು ಅದರ ಭಿಂಗ ಒರೆಸುತ್ತಿದ್ದರು. ಭಿಂಗ ಎಂದರೆ ಕ್ಯಾಮೆರಾದ ಕಣ್ಣು, ಮುಂದಿನ ಗಾಜು. ಅದಕ್ಕೆಂದೇ ಹಳೆಯ ರೇಷ್ಮೆ ಸೀರೆಯ ತುಂಡೊಂದಿತ್ತು. ಮಳೆಗಾಲದಲ್ಲಿ ತೇವ ಹಿಡಿಯಬಾರದೆಂದು ಕ್ಯಾಮೆರಾದ ಪೆಟ್ಟಿಗೆಯಲ್ಲಿ ಹುರಿದ ಅಕ್ಕಿಯ ಗಂಟು ಇಡುತ್ತಿದ್ದರು. ನನಗೆ ನೆಗಡಿಯಾದರೆ ‘ಕಷಾಯ ಕುಡಿ’ ಎನ್ನುವುದಷ್ಟೇ. ಆ ಡಬ್ಬಿಯನ್ನು ಮುಟ್ಟಲು ನನಗಂತೂ ಅಪ್ಪಣೆ ಇರಲಿಲ್ಲ.

ಆಗ ನಮ್ಮ ಕಡೆಗೆ ಕ್ಯಾಮೆರಾ ಇಟ್ಟುಕೊಂಡು ಹೊಟ್ಟೆ ಹೊರೆಯುವವರು ಇಬ್ಬರೇ. ಇನ್ನೊಬ್ಬರು ಹುಕ್ಕೇರಿಯವರು. ಇಬ್ಬರೂ ಬೆಳಗಾವಿಯಲ್ಲಿ ಒಬ್ಬನೇ ಉಸ್ತಾದನ ಕೈಕೆಳಗೆ ಕಲಿತವರು, ಒಂದೇ ಕೋಣೆಯಲ್ಲಿ ಮಲಗಿದವರು, ಒಂದೇ ಖಾನಾವಳಿಯಲ್ಲಿ ಉಂಡವರು. ಕಲಿಕೆ ಮುಗಿದ ಮೇಲೆ ನಮ್ಮವರು ಜರ್ಮನ್ ಕಂಪನಿಯ ಕ್ಯಾಮೆರಾ ಕೊಂಡರು, ಅವರು ವಿಲಾಯತಿ ಕಂಪನಿಯದು ಕೊಂಡರು. ಅಲ್ಲಿಗೆ ಗೆಳೆತನ ಮುಗಿಯಿತು. ಆಸ್ತಿಗಾಗಿ ಜಗಳಾಡಿದ ಅಣ್ಣತಮ್ಮಂದಿರನ್ನು ನಾನು ಕಂಡಿದ್ದೇನೆ. ಯಾವನೋ ಸಾತ್‌ಸಮುದ್ರದ ಆಚೆಯ ಕಾರಖಾನೆಯವನ ಸಲುವಾಗಿ ಜಗಳಾಡಿದವರನ್ನು ಕಂಡದ್ದು ಇವರಿಬ್ಬರನ್ನೇ.

‘ನಮ್ಮ ಭಿಂಗ ಬೆಳಕ ನುಂಗತೈತಿ, ಮೋಡ ಕವಿದಿದ್ರೂ ಮುಖ ಬರತೈತಿ’ ಎಂದು ಇವರು. ‘ನಮ್ಮದು ತೇಗದ ಕಟ್ಟಿಗಿ, ಹಿತ್ತಾಳಿ ಮೂಲಿ. ಚಕ್ಕಡಿಯಿಂದ ಬಿದ್ರೂ ಏನೂ ಆಗೂದಿಲ್ಲ. ಪ್ಲೇಟ ಯಾವ ಊರಾಗ ಬೇಕಾದ್ರೂ ಸಿಗತಾವ’ ಎಂದು ಅವರು. ಪ್ಲೇಟು ಎಂದರೆ ಮದ್ದು ಬಳಿದ ಗಾಜು, ಚಿತ್ರ ಮೂಡುವುದು ಅದರ ಮೇಲೆಯೇ. ಎರಡೂ ಕಂಪನಿಗಳ ಗಾಜಿನ ಅಳತೆ ಬೇರೆ ಬೇರೆ, ಒಂದರದು ಇನ್ನೊಂದರಲ್ಲಿ ಕೂಡುತ್ತಿರಲಿಲ್ಲ. ಕಂಪನಿಗಳೂ ಇವರಿಬ್ಬರ ಹಾಗೆಯೇ ಮಾತು ಬಿಟ್ಟಿದ್ದವೋ ಏನೋ.

ಊರು ಹಂಚಿಕೊಂಡರು. ಗೋಕಾಕದ ಕಡೆ ನಮ್ಮದು, ಹುಕ್ಕೇರಿಯ ಕಡೆ ಅವರದು. ಮೂಡಲಗಿಯ ಸಂತೆಯಲ್ಲಿ ಮಾತ್ರ ಇಬ್ಬರೂ ಪರದೆ ಕಟ್ಟುತ್ತಿದ್ದರು, ಒಬ್ಬರು ಈ ತುದಿಗೆ, ಒಬ್ಬರು ಆ ತುದಿಗೆ. ನೋಡನೋಡುತ್ತ ಗಿರಾಕಿಗಳೂ ಎರಡು ಪಂಗಡವಾದರು. ಅಜ್ಜನ ಫೋಟೋ ಯಾವ ಡಬ್ಬಿಯಲ್ಲಿ ಬಂದಿತ್ತೋ ಮೊಮ್ಮಗನದೂ ಅದರಲ್ಲೇ ಬರಬೇಕು. ಕಲ್ಲೋಳಿಯ ಒಂದು ಮದುವೆಯಲ್ಲಿ ಹೆಣ್ಣಿನವರು ಹುಕ್ಕೇರಿಯವರನ್ನು ಕರೆಸಿದ್ದರು, ಗಂಡಿನವರು ನಮ್ಮವರನ್ನು. ಮದುಮಕ್ಕಳನ್ನು ಎರಡೆರಡು ಸಲ ನಿಲ್ಲಿಸಿದರು. ಗಂಡಿನ ಸೋದರಮಾವ ವಿಲಾಯತಿ ಡಬ್ಬಿಯ ಮುಂದೆ ಸುತಾರಾಂ ನಿಲ್ಲುವುದಿಲ್ಲ ಎಂದು ಹಟ ಹಿಡಿದ. ಬೀಗರನ್ನು ಸಮಾಧಾನ ಮಾಡುವಷ್ಟರಲ್ಲಿ ಹೋಳಿಗೆ ತಣ್ಣಗಾದವು. ನಮ್ಮವರು ಗೆದ್ದುಬಂದವರಂತೆ ಮನೆಗೆ ಬಂದು, ಉಣ್ಣುವುದನ್ನೂ ಬಿಟ್ಟು ನನಗೆ ಅದನ್ನೆಲ್ಲ ಹೇಳಿದರು. ಅವರು ನನ್ನ ಜೊತೆ ಅಷ್ಟು ಹೊತ್ತು ಕೂತು ಮಾತಾಡಿದ್ದು ಅಪರೂಪ. ಅದಕ್ಕೇ ನೆನಪಿದೆ.

ಉಳಿದ ದಿನ ಹಾಗಿರಲಿಲ್ಲ. ಮನೆಯಲ್ಲಿ ಅತ್ತೆ ಮಾವ ಇರಲಿಲ್ಲ, ನಮಗೆ ಮಕ್ಕಳಾಗಲಿಲ್ಲ. ಅವರು ಊರಿಗೆ ಹೋದರೆ ನಾನೊಬ್ಬಳೇ. ಊರಿಂದ ಬಂದರೆ ಪ್ಲೇಟು ತೊಳೆಯಲು ಕತ್ತಲಕೋಣೆ ಸೇರುತ್ತಿದ್ದರು, ಆಗಲೂ ನಾನೊಬ್ಬಳೇ. ಬಾಗಿಲ ಹೊರಗೆ ಕೂತು ಜೋಳ ಹಸನು ಮಾಡುತ್ತ, ಒಳಗೆ ನೀರು ಸುರಿಯುವ ಸಪ್ಪಳ ಕೇಳುತ್ತಿದ್ದೆ. ಬಾಗಿಲು ತೆರೆದರೆ ಬೆಳಕು ಒಳಹೊಕ್ಕು ಎಲ್ಲ ಕೆಡುತ್ತದೆ. ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ. ಗಂಡ ಮನೆಯಲ್ಲಿದ್ದೂ ಇಲ್ಲದಂತಿರುವುದು ಬಹಳ ಬೇಸರದ ಸಂಗತಿ. ನನ್ನ ದುಃಖ ಕೇಳುವವರು ಯಾರೂ ಇರಲಿಲ್ಲ, ಹೇಳಲು ನನಗೆ ನಾಚಿಕೆಯೂ ಇತ್ತು. ಡಬ್ಬಿಯ ಮೇಲೆ ಹೊಟ್ಟೆಕಿಚ್ಚು ಎಂದರೆ ನಗದೆ ಬಿಟ್ಟಾರೆಯೇ?

ನನಗೆ ಇದ್ದದ್ದು ಒಂದೇ ಆಸೆ. ಅವರ ಬಾಜೂ ಕೂತು ಒಂದು ಫೋಟೋ. ಊರ ಮಂದಿಯೆಲ್ಲ ಗಂಡ ಹೆಂಡತಿ ಬಂದು ನಮ್ಮ ಪರದೆಯ ಮುಂದೆ ಕೂತು, ಗೋಕಾಕದ ಬಣ್ಣದ ಕಟ್ಟಿಗೆಯ ಹಣ್ಣುಗಳನ್ನು ಮೇಜಿನ ಮೇಲೆ ಇಟ್ಟುಕೊಂಡು, ತೆಗೆಸಿಕೊಂಡು ಹೋಗುತ್ತಿದ್ದರು. ಫೋಟೋ ತೆಗೆಯುವವನ ಹೆಂಡತಿಗೆ ಅದಿರಲಿಲ್ಲ. ಕೇಳಿದರೆ, ‘ನಾ ಕುಂತ್ರ ತಗಿಯೋರ ಯಾರ?’ ಎನ್ನುತ್ತಿದ್ದರು. ಅದಕ್ಕೂ ಒಂದು ಉಪಾಯ ಇತ್ತು. ಕ್ಯಾಮೆರಾಕ್ಕೆ ಉದ್ದನೆಯ ರಬ್ಬರಿನ ನಳಿಗೆ ಸಿಕ್ಕಿಸಿ, ತುದಿಯಲ್ಲಿದ್ದ ರಬ್ಬರಿನ ಗುಂಡನ್ನು ಕೈಯಲ್ಲಿ ಹಿಡಿದು ಕೂತು ಒತ್ತಿದರೆ ಕಣ್ಣು ತಾನೇ ತೆರೆದು ಮುಚ್ಚುತ್ತಿತ್ತು. ನಾನು ಬರುವ ಮೊದಲೇ ಆ ನಳಿಗೆಯನ್ನು ಇಲಿ ಕಡಿದಿತ್ತು. ಬೆಳಗಾವಿಯ ಅಂಗಡಿಯಲ್ಲಿ ವಿಲಾಯತಿ ನಳಿಗೆ ಇತ್ತು, ಸ್ವಲ್ಪ ದಾರ ಸುತ್ತಿದರೆ ಕೂಡುತ್ತಿತ್ತಂತೆ. ಇವರು ಒಪ್ಪಬೇಕಲ್ಲ!

‘ಅವರ ನಳಿಗಿ ನಮ್ಮ ಡಬ್ಬಿಗೆ? ಜರ್ಮನಿಯಿಂದಾನ ತರಸ್ತೇನಿ. ಬರಲಿ, ಇಬ್ಬರೂ ಕುಂತು ತಗಸೋಣು.’

ನಳಿಗೆಗೆ ಹೇಳಿಕಳಿಸಿದ್ದರು. ಅದು ಬರಲಿಲ್ಲ. ಹೊಸ ಪ್ಲೇಟು ಬಂದಾಗೆಲ್ಲ ಪರೀಕ್ಷೆಗೆಂದು ನನ್ನನ್ನು ನಿಲ್ಲಿಸುತ್ತಿದ್ದರು. ಪಕ್ಕದಲ್ಲಿ ತಮ್ಮ ಕುರ್ಚಿ ಇಟ್ಟು, ತಾವು ಕೂತರೆ ಹೇಗೆ ಬರುತ್ತದೆಂದು ನೋಡಿ, ಅಷ್ಟನ್ನೇ ತೆಗೆಯುತ್ತಿದ್ದರು. ಅಂಥ ಚಿತ್ರಗಳು ಸಂದೂಕದ ತುಂಬ ಇವೆ. ಎಲ್ಲದರಲ್ಲೂ ನಾನು, ಖಾಲಿ ಕುರ್ಚಿ.

ಅಷ್ಟರಲ್ಲಿ ಯುದ್ಧ ಬಂತು. ಜರ್ಮನಿಯ ಸಾಮಾನು ಬರುವುದು ನಿಂತೇಹೋಯಿತು. ವೈರಿಗಳ ಡಬ್ಬಿ ಇಟ್ಟುಕೊಂಡಿದ್ದಾನೆಂದು ಯಾರೋ ಹೇಳಿ ಪೊಲೀಸ್ ಫೌಜದಾರರು ಒಂದು ದಿನ ಮನೆಗೆ ಬಂದರು. ಕ್ಯಾಮೆರಾದ ಮೇಲಿನ ಕಂಪನಿಯ ಹೆಸರು ಕೆರೆದು ತೆಗೆ, ಬಾಗಿಲ ಮೇಲಿನ ಬೋರ್ಡು ಇಳಿಸು, ಆಮೇಲೆ ನನಗೇನೂ ಇಲ್ಲ ಎಂದರು. ಇವರು ಬೋರ್ಡು ಇಳಿಸಿದರು, ಹೆಸರು ಕೆರೆಯಲಿಲ್ಲ. ಅದರ ಮೇಲೊಂದು ಪಟ್ಟಿ ಬಟ್ಟೆ ಅಂಟಿಸಿದರು. ಜರ್ಮನಿಯ ಆ ಕಂಪನಿಯ ಸಾಹುಕಾರನಿಗೆ ಗೋಕಾಕ ಎಂಬ ಊರಿರುವುದೇ ಗೊತ್ತಿಲ್ಲ, ಇವರು ಇಲ್ಲಿ ಅವನ ಮಾನ ಕಾಯುತ್ತ ಕೂತರು.

ಪ್ಲೇಟುಗಳು ಮುಗಿಯುತ್ತ ಬಂದವು. ಒಂದು ಸಂತೆಯ ದಿನ ನಾನೂ ಅವರ ಜೊತೆ ಮೂಡಲಗಿಗೆ ಹೋಗಿದ್ದೆ. ಹುಕ್ಕೇರಿಯವರು ಆ ತುದಿಯಿಂದ ಎದ್ದು ನಮ್ಮ ಪರದೆಯ ತನಕ ನಡೆದು ಬಂದರು. ಎತ್ತರದ ಮನುಷ್ಯ, ಮುಂಡಾಸಿನ ಕೆಳಗೆ ದೊಡ್ಡ ಕಿವಿಗಳು. ನಾನು ಅವರನ್ನು ಹತ್ತಿರದಿಂದ ನೋಡಿದ್ದು ಆಗಲೇ. ಅವರು ನನ್ನನ್ನು ಅತ್ತಿಗೆಯೆಂದೇ ಕರೆದು ‘ಆರಾಮೇನ್ರಿ ವೈನಿ’ ಎಂದರು, ಇವರಿಗೆ ಮಾತ್ರ ಮುಖ ನೋಡದೆಯೇ ಹೇಳಿದರು:

‘ನನ್ನ ಕಡೆ ಪ್ಲೇಟ ಬೇಕಾದಷ್ಟ ಅದಾವ. ಗಾಜ ಕೊರಿಯೂ ವಜ್ರದ ಕಣಿಲೆ ಕೊರದ ನಿನ್ನ ಅಳತಿಗೆ ಮಾಡಿಕೊಡ್ತೇನಿ. ಕೆಲಸಾ ನಿಲ್ಲಸಬ್ಯಾಡ.’

‘ನಿಮ್ಮ ಕಂಪನಿ ಗಾಜ ನನ್ನ ಡಬ್ಬಿಯೊಳಗ ಹೋಗೂದಿಲ್ಲ.’

‘ಕೊರದ್ರ ಹೋಗತೈತೋ.’

‘ಅಳತಿ ಮಾತಲ್ಲ.’

ಹುಕ್ಕೇರಿಯವರು, ‘ಹಂಗಾರ ನಿನ್ನ ಭಿಂಗದಾಗ ಅಂಥಾದ್ದೇನೈತಿ? ಅದೂ ಗಾಜ, ಇದೂ ಗಾಜ’ ಎಂದು ಹೋಗಿಬಿಟ್ಟರು. ಆ ಮಾತು ನಮ್ಮವರಿಗೆ ನಟ್ಟಿತು. ಮನೆಗೆ ಬಂದು, ‘ಒಂದಿಲ್ಲ ಒಂದಿನ ಅವನ ಬಾಯಿಂದಾನ ಒಪ್ಪಸ್ತೇನಿ, ನಮ್ಮ ಭಿಂಗ ಛಲೋ ಅಂತ’ ಎಂದರು. ನನಗೆ ಸಿಟ್ಟು ಬಂತು. ಗೆಳೆಯ ಕೊಡಲು ಬಂದದ್ದು ಇವರಿಗೆ ಕಾಣಲಿಲ್ಲ, ಅಂದದ್ದು ಮಾತ್ರ ಕೇಳಿಸಿತು.

ಕೊನೆಗೆ ಒಂದೇ ಜರ್ಮನ್ ಪ್ಲೇಟು ಉಳಿಯಿತು. ನಾನು ಬಾಯಿಬಿಟ್ಟು ಕೇಳಿದೆ, ‘ರೀ, ಇದರಾಗ ನಮ್ಮಿಬ್ಬರದ ತಗೀರಿ. ದಾರಾ ಕಟ್ಟಿ ಎಳದ್ರೂ ಬರಲಿ, ಕೆಟ್ರೂ ಕೆಡಲಿ.’ ಅವರು ಹೂಂ ಎಂದರು. ನಾನು ಸೀರೆ ತೆಗೆದಿಟ್ಟೆ. ಆ ವಾರವೇ ತುಕ್ಕಾನಟ್ಟಿಯಿಂದ ಮಂದಿ ಬಂದರು. ಅವರ ಮನೆಯ ಹಿರಿಯಳು ತೀರಿಕೊಂಡಿದ್ದಳು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೈತೊಳೆದು, ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕೂಡ್ರಿಸುತ್ತಾರೆ. ಮಣ್ಣು ಮಾಡುವಾಗಲೂ ಕೂತ ಹಾಗೆಯೇ. ಹೂವಿನ ಹಾರ ಹಾಕಿ ಕೂಡ್ರಿಸಿದ ಮೇಲೆ ಮನೆಯವರೆಲ್ಲ ಎಡಬಲಕ್ಕೆ ಕೂತು ಒಂದು ಫೋಟೋ ತೆಗೆಸುವುದು ಅನುಕೂಲವಂತರಲ್ಲಿ ರೂಢಿಯಾಗಿತ್ತು. ಎಷ್ಟೋ ಮನೆಗಳಲ್ಲಿ ಹಿರಿಯರದೆಂದು ಇರುವುದು ಅದೊಂದೇ ಚಿತ್ರ. ಬಂದವರು, ‘ನಮ್ಮದು ಮೊದಲಿಂದ ನಿಮ್ಮ ಡಬ್ಬಿರಿ. ಹುಕ್ಕೇರಿಗೆ ಹೋಗೂದಿಲ್ಲ’ ಎಂದರು. ಅದನ್ನು ಕೇಳಿದ ಮೇಲೆ ಇವರು ನಿಲ್ಲುವವರೇ? ಪ್ಲೇಟು ತುಕ್ಕಾನಟ್ಟಿಗೆ ಹೋಯಿತು. ನಾನು ಸೀರೆ ಮಡಿಚಿ ಒಳಗಿಟ್ಟೆ.

ಆಮೇಲಿನ ವರ್ಷಗಳಲ್ಲಿ ನಮ್ಮವರು ಹಳೆಯ ಫೋಟೋಗಳಿಗೆ ಕಟ್ಟು ಹಾಕಿ, ಬಣ್ಣ ತಿದ್ದಿ ದಿನ ದೂಡಿದರು. ಸಂತೆಗೆ ಹೋಗುವುದು ಬಿಟ್ಟರು. ಬೆಳಿಗ್ಗೆ ಭಿಂಗ ಒರೆಸುವುದನ್ನು ಬಿಡಲಿಲ್ಲ. ಇಡೀ ದಿನ ಮನೆಯಲ್ಲೇ ಇರುತ್ತಿದ್ದರು, ಆದರೂ ಮನೆ ಮೊದಲಿಗಿಂತ ಬಣಬಣ ಎನ್ನುತ್ತಿತ್ತು. ಊರಿನಲ್ಲಿ ಯಾರ ಜೊತೆಗೂ ಅವರಿಗೆ ಆಡುವ ಮಾತಿರಲಿಲ್ಲ. ಅವರ ಕೆಲಸದ ಮಾತು ತಿಳಿಯುವವರು ಸುತ್ತಲಿನ ಊರುಗಳಲ್ಲಿ ಒಬ್ಬರೇ, ಅವರ ಜೊತೆ ಮಾತು ಬಿಟ್ಟಾಗಿತ್ತು. ನಮ್ಮವರೂ ನನ್ನ ಹಾಗೆಯೇ ಒಂಟಿ ಎಂದು ನನಗೆ ಆಗ ಅನಿಸಿತು. ಇಬ್ಬರು ಒಂಟಿಗಳು ಒಂದು ಮನೆಯಲ್ಲಿದ್ದರೆ ಜೊತೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಮಳೆಗಾಲದಲ್ಲಿ ಅವರಿಗೆ ವಿಷಮಜ್ವರ ಬಂತು. ಔಷಧ ನಾಟಲಿಲ್ಲ. ಒಂದು ದಿನ ನಸುಕಿನಲ್ಲಿ ಹೋಗಿಬಿಟ್ಟರು.

ಮಳೆ ಹಿಡಿದಿತ್ತು. ಅಂಗಳದಲ್ಲಿ ಕೂಡ್ರಿಸಲು ಬರುವಂತಿರಲಿಲ್ಲ. ಪಡಸಾಲೆಯ ಗೋಡೆಗೆ ಆನಿಸಿ, ಮುಂಡಾಸು ಸುತ್ತಿ ಕೂಡ್ರಿಸಿದರು. ಊರವರು ಭಜನೆ ಸುರುಮಾಡಿದರು. ಮಧ್ಯಾಹ್ನದ ಹೊತ್ತಿಗೆ ಹುಕ್ಕೇರಿಯವರು ಬಂದರು. ಬಸ್ಸಿನವನು ಸುದ್ದಿ ಹೇಳಿದ್ದನಂತೆ. ಮೈಯೆಲ್ಲ ತೊಯ್ದಿತ್ತು, ಹೆಗಲಿನ ಮೇಲಿನ ಪೆಟ್ಟಿಗೆ ಮಾತ್ರ ಕಂಬಳಿಯೊಳಗೆ ಬೆಚ್ಚಗಿತ್ತು. ಅವರು ಗೆಳೆಯನ ಮುಂದೆ ಕೂತು ಮಗುವಿನಂತೆ ಅತ್ತರು. ಆಮೇಲೆ ನನ್ನ ಹತ್ತಿರ ಬಂದರು.

‘ವೈನಿ, ಅವನ ಡಬ್ಬಿಲೇನ ತಗೀಬೇಕಂತ ಮನಸೈತಿ. ಪ್ಲೇಟ ಅದಾವೇನ್ರಿ?’

‘ಇಲ್ರಿ.’

‘ನಂದ ಕೊರಿಯೂದಕ್ಕ ವಜ್ರದ ಕಣಿ ತಂದಿಲ್ಲ, ಹೋಗಿ ತರೂವಷ್ಟ ಹೊತ್ತೂ ಇಲ್ಲ. ಹೊತ್ತು ಮುಣಗೂದ್ರಾಗ ಮಣ್ಣ ಮಾಡಬೇಕಂತಾರ.’ ಅವರು ತಮ್ಮ ಪೆಟ್ಟಿಗೆಯನ್ನು ಬೆನ್ನ ಹಿಂದೆ ಸರಿಸಿದರು. ‘ಇದರ ಮುಂದ ಅವನ ಕೂಡ್ರಸಿ ತಗದ್ರ ನಾ ಗೆದ್ದಂಗ ಆಗತೈತಿ. ಅದು ನನಗ ಬ್ಯಾಡ.’

ನಮ್ಮವರ ಕಾಕಾ ಅಲ್ಲಿಯೇ ಇದ್ದರು. ಹಿರಿಯರು, ಊರಿನಲ್ಲಿ ಮಾತು ನಡೆಯುವವರು. ‘ಬದುಕಿರೂತನಕ ಆ ಡಬ್ಬಿ ಮುಂದ ನಿಂತವನಲ್ಲ. ಈಗ ಕೈಯಾಗ ಶಕ್ತಿ ಇಲ್ಲಂತ ನಿಲ್ಲಸ್ತೀರೇನು? ಫೋಟೋ ಬ್ಯಾಡ’ ಎಂದರು. ನಾಲ್ಕು ಜನ ತಲೆ ಆಡಿಸಿದರು.

ನಾನು ಹಿರಿಯರ ಮುಂದೆ ದನಿ ಎತ್ತಿದ್ದು ಅದೇ ಮೊದಲು. ‘ಗೆಲ್ಲೂದು ಸೋಲೂದು ನಿಮ್ಮ ನಿಮ್ಮೊಳಗ ಇಟ್ಟುಕೋರಿ. ಯಾವ ಕಂಪನಿದಾದ್ರೂ ಇರಲಿ. ನನಗ ಅವರ ಬಾಜೂ ಕುಂತಿದ್ದ ಫೋಟೋ ಒಂದೂ ಇಲ್ಲ. ತಗೀರಿ.’

ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತೆ. ಅವರ ಭುಜ ನನ್ನ ಭುಜಕ್ಕೆ ತಾಗಿತ್ತು, ತಣ್ಣಗಿತ್ತು. ಹುಕ್ಕೇರಿಯವರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಕರಿಬಟ್ಟೆಯೊಳಗೆ ತಲೆ ತೂರಿಸಿ ಬಹಳ ಹೊತ್ತು ನೋಡಿದರು. ಬಾಗಿಲು ಕಿಟಕಿ ಎಲ್ಲ ತೆರೆಸಿದರು, ಪಡಸಾಲೆಯಲ್ಲಿ ಬೆಳಕೇ ಇರಲಿಲ್ಲ. ‘ಅಲಗಾಡಬ್ಯಾಡ್ರಿ ವೈನಿ, ಇದಕ್ಕ ಹೊತ್ತು ಹಿಡೀತೈತಿ’ ಎಂದು ಭಿಂಗದ ಮುಚ್ಚಳ ತೆಗೆದು ಎಣಿಸತೊಡಗಿದರು. ಅವರ ಎಣಿಕೆ ಕೇಳುತ್ತ ನನಗೆ ಅಳು ತಡೆಯಲಾಗಲಿಲ್ಲ.

ದಿನಕರ್ಮಗಳೆಲ್ಲ ಮುಗಿದು ನೆಂಟರು ತಿರುಗಿ ಹೋದ ಮೇಲೆ ಹುಕ್ಕೇರಿಯವರು ಚಿತ್ರ ತೆಗೆದುಕೊಂಡು ಬಂದರು. ತಂದದ್ದನ್ನು ಕೈಗೆ ಕೊಡದೆ ಹಾಗೇ ಕೂತರು.

‘ಕೊಡೂ ಹಂಗ ಬಂದಿಲ್ರಿ ವೈನಿ.’

ನಾನೇ ಕೈಚಾಚಿ ಇಸಿದುಕೊಂಡೆ. ನಮ್ಮವರು ಚೆನ್ನಾಗಿ ಬಂದಿದ್ದರು. ಮುಂಡಾಸಿನ ಒಂದೊಂದು ಮಡಿಕೆ, ಹಣೆಯ ವಿಭೂತಿಯ ಗೆರೆ, ಹಾರದ ಹೂವು ಎಲ್ಲ ಕಣ್ಣಿಗೆ ಕಟ್ಟುವಂತಿತ್ತು. ಪಕ್ಕದಲ್ಲಿ ನಾನಿರಲಿಲ್ಲ. ಸೀರೆಯ ಅಂಚು ಕಾಣುತ್ತಿತ್ತು, ಅದರ ಮೇಲೆ ಮುಖ ಇರಬೇಕಾದಲ್ಲಿ ಬೆಳ್ಳಗೆ ಕಲೆಸಿಹೋಗಿತ್ತು. ಅಳುವವಳು ಅಷ್ಟು ಹೊತ್ತು ಅಲುಗಾಡದೆ ಹೇಗಿದ್ದಾಳು?

‘ತಪ್ಪ ನಿಮ್ಮದಲ್ಲ’ ಎಂದರು ಹುಕ್ಕೇರಿಯವರು. ಅವರ ದನಿ ಸಣ್ಣದಾಗಿತ್ತು. ‘ಆ ಕತ್ತಲದಾಗ ನನ್ನ ಭಿಂಗ ಸಾಲಲಿಲ್ಲ. ಅವನದಾಗಿದ್ರ ಕಣ್ಣ ಮುಚ್ಚಿ ತೆರಿಯೂದ್ರಾಗ ಮುಗೀತಿತ್ತು, ನೀವೂ ಬರತಿದ್ರಿ. ಅವನ ಭಿಂಗ ಛಲೋ ಐತ್ರಿ ವೈನಿ. ಬೆಳಗಾವ್ಯಾಗ ಕೊಂಡಾಗಿಂದ ನನಗ ಗೊತ್ತೈತಿ.’

ನಾನು ಬಾಗಿಲ ಕಡೆ, ಕತ್ತಲಕೋಣೆಯ ಕಡೆ, ನಮ್ಮವರು ಕೂಡುತ್ತಿದ್ದ ಕಟ್ಟೆಯ ಕಡೆ ನೋಡಿದೆ. ಅವರು ಊಟ, ನಿದ್ದೆ, ನನ್ನನ್ನೂ ಬಿಟ್ಟು ಕಾದಿದ್ದ ಮಾತು ಕೊನೆಗೂ ಆ ಮನೆಗೆ ಬಂದಿತ್ತು. ಕೇಳಿಸಿಕೊಳ್ಳಲು ನಾನೊಬ್ಬಳೇ ಇದ್ದೆ.