ಯಾವ ಕೆಲಸ ಬಿಟ್ರಿ?

ಹಾಸನಕ್ಕೆ ಬಂದ ಮೊದಲ ದಿನವೇ ನಾನು ಬೆಪ್ಪಾದೆ. ಮಾಜಿ ಸೈನಿಕರ ಆಸ್ಪತ್ರೆಯ ಬೆಂಚುಗಳ ತುಂಬ ಮುದುಕರು, ಕಾಯಿಲೆ ಮಾತ್ರ ಒಬ್ಬರಿಗೂ ಇಲ್ಲ! ಕರೆದರೆ ಒಳಗೆ ಬಂದು, ಎದೆ ಸೆಟೆಸಿ ನಿಂತು, "ಸಬ್ ಠೀಕ್, ಮೇಡಮ್" ಎನ್ನುವರು. ಬಿಪಿ ಮಾತ್ರೆ ತೆಗೆದುಕೊಂಡು ಹೊರಟೇಬಿಡುವರು. ನಮ್ಮ ವಿಜಯಪುರದಲ್ಲಾದರೆ ರೋಗಿ ಕೂತ ಕೂಡಲೇ ನೆತ್ತಿಯಿಂದ ಹಿಮ್ಮಡಿಯವರೆಗೆ ನೋವಿನ ಪುರಾಣ ಬಿಚ್ಚುತ್ತಾನೆ. ಸಾಕೋ ಯಪ್ಪಾ ಅಂದರೂ ನಿಲ್ಲಿಸುವುದಿಲ್ಲ.

ಜಿಲ್ಲೆಯ ಮಾಜಿ ಸೈನಿಕರ ಆರೋಗ್ಯದ ಹೊಣೆ ಹೊತ್ತು ಬಂದ ವೈದ್ಯೆ ನಾನು. ಯಜಮಾನರು ತೀರಿಕೊಂಡ ಮೇಲೆ, ಊರು ಬದಲಾದರೆ ಮನಸ್ಸೂ ಬದಲಾದೀತೆಂದು ಕೇಳಿ ಪಡೆದ ವರ್ಗಾವಣೆ ಇದು. ಬಾಡಿಗೆ ಮನೆಯ ಒಡತಿ "ಒಬ್ರೇನಾ?" ಎಂದು ಕೇಳಿಯೇ ಬೀಗದ ಕೈ ಕೊಟ್ಟರು. ಹೌದು, ಒಬ್ಬಳೇ. ಸಂಜೆಯಾಯಿತೆಂದರೆ ಕುಕ್ಕರಿನ ಸೀಟಿ ಬಿಟ್ಟು ಆ ಮನೆಯಲ್ಲಿ ಬೇರೆ ಸೊಲ್ಲಿಲ್ಲ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಇಲ್ಲಿ ಕಲಿತೆ. ಎದುರು ಕೂತು ನಗುವವರಿಲ್ಲದೆ ಅದೂ ಗಂಟಲಲ್ಲೇ ನಿಲ್ಲುತ್ತಿತ್ತು.

ಆಸ್ಪತ್ರೆಯಲ್ಲಿ ಬಾಯಿ ಬಿಡದವರು ತಮ್ಮೂರಲ್ಲಾದರೂ ಬಿಟ್ಟಾರೆಂದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯೆಲ್ಲ ಕ್ಯಾಂಪು ಶುರುಮಾಡಿದೆ. ಹಳ್ಳಿಮೈಸೂರಿನ ಕ್ಯಾಂಪಿಗೆ ನಿವೃತ್ತ ಹವಾಲ್ದಾರ್ ಜವರೇಗೌಡರು ಬಂದರು, ಹಿಂದೆ ಹೆಂಡತಿ ಪುಟ್ಟಮ್ಮ. ಗೌಡರದೂ ಅದೇ ಸಬ್ ಠೀಕ್.

"ಸುಳ್ಳು ಕಣಮ್ಮ!" ಪುಟ್ಟಮ್ಮ ಸಿಡಿದರು. "ನಾಕೆಜ್ಜೆ ಆಕುದ್ರೆ ಎದೆ ಇಡ್ಕೊಂಡು ಕುಂತ್ಬುಡ್ತಾರೆ."

"ಸುಮ್ಕಿರಮ್ಮಿ! ಕ್ಯಾಟಗರಿ ಇಳ್ಸ್ಬುಟ್ಟಾರು!" ಎಂದು ಗೌಡರು ಗದರಿದರು.

ಆಗ ನನಗೆ ತಿಳಿಯಿತು. ಸೈನ್ಯದಲ್ಲಿ ವೈದ್ಯರು ಕಾಯಿಲೆ ಬರೆದರೆ ಆರೋಗ್ಯದ ದರ್ಜೆ ಇಳಿಯುತ್ತದೆ, ಬಡ್ತಿ ಕೈತಪ್ಪುತ್ತದೆ. ಅದಕ್ಕೇ ಅವರು ಕ್ಯಾಟಗರಿ ಅನ್ನುವುದು. ಮೊಮ್ಮಕ್ಕಳನ್ನು ಕಂಡರೂ ಆ ಹೆದರಿಕೆ ಹೋಗಿಲ್ಲ ನೋಡಿ! ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಬಿಳಿ ಕೋಟು ಕಳಚಿಟ್ಟು ಪಕ್ಕದಲ್ಲೇ ಕೂತೆ. ನೋವಿನ ಮಾತೇ ಎತ್ತದೆ, "ಗೌಡ್ರೇ, ಈಚೆಗೆ ಯಾವ ಕೆಲಸ ಬಿಟ್ರಿ?" ಎಂದೆ.

ಗೌಡರು ಹೆಂಡತಿಯ ಮುಖ ನೋಡಿದರು. "ಗದ್ದೆಗೆ ನೀರ್ ಕಟ್ಟಾಕೋಗದ ಬುಟ್ಟೆ ಮೇಡಮ್. ಬದಿನ್ ಮ್ಯಾಲೆ ಉಸ್ರು ಸಿಗಾಕಿಲ್ಲ."

ಅಂದೇ ಹಾಸನಕ್ಕೆ ಕರೆತಂದೆ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಬದುಕಿಕೊಂಡರು, ಪುಣ್ಯ. ಆಮೇಲೆ ನಮ್ಮ ಎಲ್ಲ ಕ್ಯಾಂಪುಗಳಲ್ಲೂ ಹೆಂಡತಿಯನ್ನೂ ಒಳಗೆ ಕರೆಯುತ್ತೇವೆ, ಮೊದಲು ಕೇಳುವುದೂ ಆ ಪ್ರಶ್ನೆಯನ್ನೇ. ಮೇಲಿನವರು ಹುಬ್ಬೇರಿಸಿದರು. ಏರಿಸಲಿ.

ಮೊನ್ನೆ ಗೌಡರ ಮನೆಯಲ್ಲಿ ಊಟಕ್ಕೆ ಕರೆದಿದ್ದರು, ಮುದ್ದೆ, ಅವರೆಕಾಳು ಸಾರು. ನಡುವೆ ವಿಜಯಪುರದಿಂದ ಅಕ್ಕನ ಫೋನು: "ಹ್ಯಾಂಗದಿ?"

"ಆರಾಮದೀನಿ ಅಕ್ಕಾ," ಅಂದು ಇಟ್ಟೆ.

ಜವರೇಗೌಡರು ನನ್ನನ್ನೇ ನೋಡುತ್ತಿದ್ದರು. "ಮೇಡಮ್, ನೀವ್ಯಾವ ಕೆಲ್ಸ ಬುಟ್ರಿ?"

ನಗಲು ನೋಡಿದೆ, ಆಗಲಿಲ್ಲ. "ರೊಟ್ಟಿ ಬಡಿಯೋದು ಬಿಟ್ಟೆ ಗೌಡ್ರೇ. ನನ್ನೊಬ್ಬಳಿಗೆ ಎಷ್ಟಂತ ಬಡೀಲಿ?" ಕಣ್ಣು ತುಂಬಿಬಂತು. ಪುಟ್ಟಮ್ಮ ನನ್ನ ತಟ್ಟೆಗೆ ಇನ್ನರ್ಧ ಮುದ್ದೆ ಹಾಕಿದರು.

ಇದನ್ನು ಓದಿದರೆ ಅಕ್ಕ ಜಗಳಕ್ಕೇ ಬರುತ್ತಾಳೆ, "ನನಗ ಹೇಳಲಾರದ್ದು ಆ ಊರವರ ಮುಂದ ಹೇಳಿದೇನ?" ಅಂತ. ಏನು ಮಾಡಲಿ ಅಕ್ಕಾ, ನಾನೇ ಕಲಿಸಿದ ಪ್ರಶ್ನೆಯನ್ನು ಅವರು ನನಗೇ ಕೇಳಿಬಿಟ್ಟರು.